ಹದಿನೈದರ ಒಳಗೆ ಒಂದು ಕಾಂಕ್ರೀಟ್ ಮನೆ

ಸೈಟ್‌ನಿಂದ ಸೂರಿನವರೆಗೆ: ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಬಿಸಿಯಾಗುತ್ತವೆ. ಈ ತಿಂಗಳು ನೀರು ಸೋರುವ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಜುಲೈನಲ್ಲಿ ಅವು ಹೇಗೂ ಮತ್ತೆ ಬರುತ್ತವೆ. ಕಾಂಕ್ರೀಟ್ ಮನೆ, ಸೆಕೆ, ಸರ್ಕಾರದ ಹೊಸ ಇಂಧನ ನಿಯಮ, ಈ ಮೂರರ ಸುತ್ತ ಇರುವ ಪತ್ರಗಳನ್ನು ಮಾತ್ರ ಆರಿಸಿಕೊಂಡೆ.

ಪ್ರಶ್ನೆ: ದೇವನಹಳ್ಳಿ ಹತ್ತಿರ ನಮ್ಮದು 60x100 ಸೈಟ್. ಕೆಳಗೊಂದು ಮಹಡಿ, ಮೇಲೊಂದು ಮಹಡಿ. ಅಲ್ಯೂಮಿನಿಯಂ ಶಟರಿಂಗ್ ನಿಲ್ಲಿಸಿ ಗೋಡೆ, ಸ್ಲ್ಯಾಬ್ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟ್‌ನಲ್ಲೇ ಹಾಕುತ್ತೇನೆ, ಬೇಗ ಮುಗಿಯುತ್ತದೆ ಎನ್ನುತ್ತಾರೆ ಕಂಟ್ರಾಕ್ಟರ್. ಆರ್ಕಿಟೆಕ್ಟ್ ಮಾತ್ರ ‘ಇಕೋ ನಿವಾಸ್ ಸಂಹಿತಾ ಪಾಸ್ ಆಗಲ್ಲ’ ಎಂದು ಅಡ್ಡ ಹಾಕುತ್ತಿದ್ದಾರೆ. ಪೂರ್ತಿ ಕಾಂಕ್ರೀಟ್ ಮನೆ ಕಟ್ಟುವುದು ನಿಯಮಕ್ಕೆ ವಿರುದ್ಧವೇ ಮೇಡಂ? ಯಾರ ಮಾತು ಕೇಳಲಿ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಸದ್ಯಕ್ಕೆ ಆರ್ಕಿಟೆಕ್ಟ್ ಮಾತು ಕೇಳಿ. ಹಾಗಂತ ಕಂಟ್ರಾಕ್ಟರನ್ನು ಬಿಡಬೇಕಾಗಿಲ್ಲ.

ಮೊದಲು ನಿಯಮ ಏನು ನೋಡೋಣ. ಫ್ರಿಜ್ ಮೇಲೆ, ಎಸಿ ಮೇಲೆ ಸ್ಟಾರ್ ಅಂಟಿಸುವ ಬಿಇಇ ಇದೆಯಲ್ಲ, ಅದೇ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ವಾಸದ ಮನೆಗಳಿಗಾಗಿ ಇಕೋ ನಿವಾಸ್ ಸಂಹಿತಾ ತಂದಿತು. 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟ್‌ನಲ್ಲಿ ಕಟ್ಟುವ ಮನೆಗಳಿಗೆ ಅದು ಅನ್ವಯ. ನಿಮ್ಮ 60x100 ಅಂದರೆ 6,000 ಚದರ ಅಡಿ, ಸುಮಾರು 557 ಚದರ ಮೀಟರ್. ಗೆರೆ ದಾಟಿದ್ದೀರಿ. ಆದರೆ ಇದನ್ನು ಪ್ಲಾನ್ ಮಂಜೂರಾತಿಗೆ ಕಡ್ಡಾಯ ಮಾಡುವುದು ರಾಜ್ಯ ಮತ್ತು ಸ್ಥಳೀಯ ಪ್ರಾಧಿಕಾರದ ಕೈಯಲ್ಲಿದೆ. ಅವರು ಮನಸ್ಸು ಮಾಡಿದರೆ 500ರ ಗೆರೆಯನ್ನು ಇನ್ನೂ ಕೆಳಕ್ಕೆ ಇಳಿಸಲೂಬಹುದು. 2024ರಲ್ಲಿ ಪರಿಷ್ಕೃತ ಆವೃತ್ತಿಯೂ ಬಂದಿದೆ. ನಿಮ್ಮ ಪ್ರಾಧಿಕಾರ ಯಾವುದನ್ನು ಕೇಳುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದಕ್ಕೆ ನಾಳೆ ಯಾರೂ ಜವಾಬ್ದಾರರಲ್ಲ.

ಆ ಸಂಹಿತೆಯಲ್ಲಿ ‘ಕಾಂಕ್ರೀಟ್ ಬೇಡ’ ಎಂದು ಎಲ್ಲೂ ಬರೆದಿಲ್ಲ. ಅದು ಕೇಳುವುದು ಒಂದು ಲೆಕ್ಕ. ಗೋಡೆ ಮತ್ತು ಕಿಟಕಿ ಮೂಲಕ ಮನೆಯೊಳಗೆ ಬರುವ ಶಾಖ, ಹೊರಮೈಯ ಪ್ರತಿ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ದಾಟಬಾರದು. ಇದಕ್ಕೆ ಆರ್‌ಇಟಿವಿ ಎನ್ನುತ್ತಾರೆ. ತಾರಸಿಗೆ ಬೇರೆ ನಿಯಮ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮನೆಯನ್ನು 2018ರ ಸೂತ್ರದಲ್ಲಿ ಹಾಕಿ ನೋಡಿದೆ. ಹೊರಮೈಯಲ್ಲಿ ನೂರಕ್ಕೆ 85 ಭಾಗ ಗೋಡೆ, 15 ಭಾಗ ಕಿಟಕಿ ಎಂದುಕೊಳ್ಳಿ. ಸದ್ಯಕ್ಕೆ ದಿಕ್ಕು ಮರೆತುಬಿಡಿ. ಗೋಡೆಗೆ ಯು ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತದೆ. ಅದು ಜಾಸ್ತಿಯಾದಷ್ಟೂ ಶಾಖ ಸಲೀಸಾಗಿ ದಾಟುತ್ತದೆ. 150 ಮಿಲಿಮೀಟರ್ ದಪ್ಪದ ಬರೀ ಆರ್‌ಸಿಸಿ ಗೋಡೆಗೆ ಅದು ಸುಮಾರು 3.77. ಎರಡೂ ಕಡೆ ಗಾರೆ ಮಾಡಿದ ಎಂಟಿಂಚಿನ ಸಾಲಿಡ್ ಬ್ಲಾಕ್ ಗೋಡೆಗೆ 2.8. ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಇಟ್ಟಿಗೆಯ ಗುಣ ನೋಡಿಕೊಂಡು ಎರಡರ ಆಸುಪಾಸು. ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರವಾದ ಎಂಟಿಂಚಿನ ಎಎಸಿ ಬ್ಲಾಕ್‌ಗೆ 0.77.

ಬೆಂಗಳೂರು ಸುತ್ತಲಿನ ಪ್ರದೇಶ ಸಂಹಿತೆಯ ಪ್ರಕಾರ ಸಮಶೀತೋಷ್ಣ ವಲಯ. ಅಲ್ಲಿ ಗೋಡೆಯ ಯು ವ್ಯಾಲ್ಯೂವನ್ನು 3.38ರಿಂದ, ಮತ್ತೆ ಹೊರಮೈಯಲ್ಲಿ ಗೋಡೆಯ ಪಾಲಾದ 0.85ರಿಂದ ಗುಣಿಸಬೇಕು. ಬರೀ ಕಾಂಕ್ರೀಟ್ ಗೋಡೆಯಾದರೆ ಅದೊಂದೇ 10.8 ತಿನ್ನುತ್ತದೆ. ನೆರಳಿಲ್ಲದ ಸಾಧಾರಣ ಗಾಜಿನ ಕಿಟಕಿಗಳಿಂದ ಇನ್ನೂ 8ರಷ್ಟು. ಒಟ್ಟು 19. ಫೇಲ್. ಎಲ್ಲ ಕಿಟಕಿಗೂ ಒಳ್ಳೆಯ ಸಜ್ಜಾ ಕೊಟ್ಟು ಗಾಜಿನ ಬಿಸಿಲನ್ನು ಕಾಲು ಭಾಗ ತಗ್ಗಿಸಿದಿರಿ ಎನ್ನಿ, ಆಗಲೂ 17. ನಿಮ್ಮ ಆರ್ಕಿಟೆಕ್ಟ್ ಹೇಳಿದ್ದು ಇದನ್ನೇ.

ಅದೇ ಮನೆ, ಅದೇ ಕಿಟಕಿ, ಅದೇ ಸಜ್ಜಾ, ಗೋಡೆ ಮಾತ್ರ ಎಂಟಿಂಚಿನ ಸಾಲಿಡ್ ಬ್ಲಾಕ್ ಆದರೆ 14.2. ತೂಗಾಡಿಕೊಂಡು ಪಾಸ್. ಸಜ್ಜಾ ಕಿತ್ತರೆ 16, ಮತ್ತೆ ಫೇಲ್. ಎಎಸಿ ಬ್ಲಾಕ್ ಆದರೆ ಸಜ್ಜಾ ಇಲ್ಲದೆಯೂ 10.4.

ಹಾಗಾದರೆ ಕಂಟ್ರಾಕ್ಟರ್ ಹೇಳಿದ ಮನೆ ಸಾಧ್ಯವೇ ಇಲ್ಲವೇ? ಇದೆ. ಕಾಂಕ್ರೀಟ್ ಗೋಡೆಯ ಹೊರಮೈಗೆ ಒಂದಿಂಚು ಇನ್ಸುಲೇಷನ್ ಬೋರ್ಡ್ ಅಂಟಿಸಿ, ಜಾಲರಿ ಹಾಕಿ, ಮೇಲೆ ತೆಳು ಗಾರೆ ಮಾಡಿಸಿದರೆ ಯು ವ್ಯಾಲ್ಯೂ ಒಂದರ ಹತ್ತಿರ ಇಳಿಯುತ್ತದೆ. ಒಟ್ಟು ಲೆಕ್ಕ ಸಜ್ಜಾ ಸಮೇತ 9ರ ಆಸುಪಾಸು. ನನ್ನನ್ನು ಕೇಳಿದರೆ ಇದು ಒಳ್ಳೆಯ ಮನೆಯೇ. ಹೊರಗಿನ ಬಿಸಿಲು ಕಾಂಕ್ರೀಟನ್ನು ಮುಟ್ಟುವುದಿಲ್ಲ. ಒಳಗಿನ ಭಾರದ ಗೋಡೆ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ಸುಲೇಷನ್ ಒಳಗಡೆ ಹಾಕಿದರೆ ಈ ಎರಡನೆಯ ಲಾಭ ಹೋಗುತ್ತದೆ. ಆದರೆ ಹೊರಗಿನ ಬೋರ್ಡ್ ಕೆಲಸ ಗೊತ್ತಿರುವ ತಂಡ ಬೇಕು. ಬೋರ್ಡ್ ಅಂಟಿಸುವುದನ್ನು ನಿಮ್ಮ ಸೈಟ್‌ನಲ್ಲೇ ಮೊದಲ ಸಲ ಕಲಿಯಲು ಹೊರಟವರಿಗೆ ಕೊಡಬೇಡಿ. ಮೊದಲ ಮಳೆಗೆ ಉಬ್ಬಿ ನಿಂತ ಗೋಡೆಗಳನ್ನು ನೋಡಿದ್ದೇನೆ.

ಈಗ ದಿಕ್ಕಿಗೆ ಬರೋಣ, ಮನೆಯ ಸೆಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲೇ. ನಮ್ಮ ಅಕ್ಷಾಂಶದಲ್ಲಿ ಉತ್ತರದ ಗೋಡೆ, ಕಿಟಕಿಗೆ ಸೂತ್ರ 0.659ರಿಂದ ಗುಣಿಸುತ್ತದೆ. ದಕ್ಷಿಣಕ್ಕೆ 0.966. ಪಶ್ಚಿಮಕ್ಕೆ 1.156. ಅಂದರೆ ಉತ್ತರದಲ್ಲಿಟ್ಟ ಕಿಟಕಿಯನ್ನೇ ತೆಗೆದು ಪಶ್ಚಿಮಕ್ಕೆ ಇಟ್ಟರೆ ಅದರ ಹೊರೆ ಮುಕ್ಕಾಲು ಪಟ್ಟು ಜಾಸ್ತಿಯಾಗುತ್ತದೆ. ಪೂರ್ವಕ್ಕೂ 1.155, ಪಶ್ಚಿಮದಷ್ಟೇ. ವಾಸ್ತುವಿನವರು ಪೂರ್ವ, ಉತ್ತರಕ್ಕೆ ದೊಡ್ಡ ಕಿಟಕಿ ಇಡಿ ಎನ್ನುತ್ತಾರಲ್ಲ, ಈ ಲೆಕ್ಕದ ಪ್ರಕಾರ ಅವರು ಅರ್ಧ ಸರಿ.

ನನ್ನ ಕ್ಲೈಂಟ್ ಒಬ್ಬರು ಯಲಹಂಕದಲ್ಲಿ ‘ಎಲಿವೇಶನ್ ಚೆನ್ನಾಗಿ ಕಾಣಬೇಕು’ ಎಂದು ಪಶ್ಚಿಮದ ಮೆಟ್ಟಿಲ ಗೋಡೆಗೆ ಎರಡು ಮಹಡಿ ಎತ್ತರದ ಗಾಜು ಹಾಕಿಸಿದರು. ಬೇಡ ಎಂದೆ, ಕೇಳಲಿಲ್ಲ. ಈಗ ಅಲ್ಲಿ ದಪ್ಪ ಪರದೆ ಬಿದ್ದಿದೆ, ಗಾಜು ಯಾರಿಗೂ ಕಾಣುವುದಿಲ್ಲ. ಒಳಗೆ ಪರದೆ ಹಾಕಿ ಪ್ರಯೋಜನವೂ ಕಡಿಮೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಅದು ಮನೆಯದೇ ಶಾಖ. ತಡೆಯುವುದಾದರೆ ಗಾಜಿನ ಹೊರಗೆ ತಡೆಯಬೇಕು.

ತಾರಸಿಯ ನಿಯಮ ಸರಳ. ಯು ವ್ಯಾಲ್ಯೂ 1.2 ದಾಟಬಾರದು. ನಾವು ಹಾಕುವ ಐದಿಂಚಿನ ಬರೀ ಸ್ಲ್ಯಾಬ್‌ಗೆ ಅದು ಮೂರೂವರೆಯ ಹತ್ತಿರ ಇರುತ್ತದೆ. ಎರಡರಿಂದ ಎರಡೂವರೆ ಸೆಂಟಿಮೀಟರ್ ದಪ್ಪದ, ಗಟ್ಟಿ ಫೋಮ್‌ನ ಎಕ್ಸ್‌ಪಿಎಸ್ ಬೋರ್ಡ್ ಹಾಕಿದರೆ ಕಾಗದದ ಮೇಲೆ ಪಾಸ್. ನಾನಾದರೆ ಐದು ಸೆಂಟಿಮೀಟರ್ ಹಾಕಿ ಎನ್ನುತ್ತೇನೆ, ಯು ವ್ಯಾಲ್ಯೂ 0.5ರ ಸಮೀಪಕ್ಕೆ ಬರುತ್ತದೆ. ಕೂಲಿ ಹೇಗೂ ಒಂದೇ. ಸ್ಲ್ಯಾಬ್, ಅದರ ಮೇಲೆ ನೀರಿಳಿಯುವ ಇಳಿಜಾರಿನ ಗಾರೆ, ಅದರ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಬೋರ್ಡ್, ಕೊನೆಗೆ ಗಾರೆ ಮತ್ತು ಟೈಲ್ಸ್, ಈ ಕ್ರಮದಲ್ಲಿ ಮಾಡಿಸಿ. ವಾಟರ್‌ಪ್ರೂಫಿಂಗ್ ಬೋರ್ಡ್‌ನ ಕೆಳಗೆ ಇದ್ದರೆ ಅದಕ್ಕೂ ಬಿಸಿಲು ತಾಗುವುದಿಲ್ಲ, ಜಾಸ್ತಿ ಬಾಳುತ್ತದೆ. ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮೋಕೋಲ್ ತಂದು ‘ಇದೂ ಅದೇ ಮೇಡಂ’ ಎನ್ನುವ ಮೇಸ್ತ್ರಿಗಳಿದ್ದಾರೆ. ಅದು ನೀರು ಹೀರುತ್ತದೆ, ಭಾರಕ್ಕೆ ಕುಸಿಯುತ್ತದೆ. ಬಿಲ್ ನೋಡಿ, ಬೋರ್ಡ್ ಮುಟ್ಟಿ ನೋಡಿ.

ಕೊನೆಯದಾಗಿ, ಎಎಸಿ ಬ್ಲಾಕ್ ಕಡೆಗೆ ವಾಲಿದರೆ ಒಂದು ವಿಷಯ. ಪಿಲ್ಲರ್, ಬೀಮ್, ಲಿಂಟಲ್ ಎಲ್ಲವೂ ಕಾಂಕ್ರೀಟೇ ಆಗಿರುತ್ತವೆ, ಗೋಡೆಯ ಹೊರಮೈಯಲ್ಲೇ ಕಾಣುತ್ತವೆ. ಇಡೀ ಗೋಡೆ 0.77 ಎಂದು ಬರೆದು ಕೊಡುವ ಲೆಕ್ಕ ತಪ್ಪು. ಆ ಭಾಗಗಳನ್ನು ಬೇರೆಯಾಗಿ ಅಳೆದು ಸೇರಿಸಬೇಕು. ಸೇರಿಸಿದರೂ ನೀವು ಆರಾಮಾಗಿ 15ರ ಒಳಗೇ ಇರುತ್ತೀರಿ, ಚಿಂತೆ ಬೇಡ. ಕಾಂಕ್ರೀಟ್ ಮತ್ತು ಬ್ಲಾಕ್ ಕೂಡುವ ಜಾಗದಲ್ಲೆಲ್ಲ ಚಿಕನ್ ಮೆಶ್ ಹಾಕಿಸದೆ ಗಾರೆ ಮಾಡಿಸಬೇಡಿ. ಎಎಸಿ ಗೋಡೆ ಬಿರುಕು ಬಿಡುತ್ತದೆ ಎಂದು ದೂರುವವರ ಮನೆಗಳಲ್ಲಿ ಮುಕ್ಕಾಲು ಪಾಲು ಬಿರುಕು ಇರುವುದು ಆ ಗೆರೆಯಲ್ಲೇ.

ಪ್ರಶ್ನೆ: ನಮ್ಮ ಅಪ್ಪಾರ ಕಾಲದ ಮಾಳಿಗೆ ಮನೆ ಏಪ್ರಿಲ್‌ನಾಗೂ ತಣ್ಣಗಿರ್ತಿತ್ತು. ಅದನ್ನ ಕೆಡವಿ ಆರ್‌ಸಿಸಿ ಮನೆ ಕಟ್ಟಿಸೀವ್ರೀ. ಈಗ ರಾತ್ರಿ ಹತ್ತಾದ್ರೂ ಮ್ಯಾಲಿಂದ ಕಾವು ಇಳೀತದ. ಹಗಲಿಗಿಂತ ರಾತ್ರಿನೇ ಜಾಸ್ತಿ. ಈ ನಿಯಮ ಗಿಯಮ ನಮಗ ಗೊತ್ತಿಲ್ಲ ಮೇಡಂ. ಮಲಗಾಕ ಒಂದು ದಾರಿ ಹೇಳ್ರಿ.
— ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ಟೀಚರ್, ಕಟ್ಟಿ ಮುಗಿದ ಮನೆಯನ್ನು ಈ ನಿಯಮ ಕೇಳುವುದೂ ಇಲ್ಲ. ಆದರೆ ಆ ನಿಯಮ ಯಾಕೆ ಬಂತು ಎನ್ನುವುದಕ್ಕೆ ನಿಮ್ಮ ಪತ್ರಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ.

ನಿಮ್ಮ ಊರಿನಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಕಂಬ ನಿಲ್ಲಿಸಿದರೆ ನೆರಳು ಬೀಳುವುದಿಲ್ಲ. ಆ ಹೊತ್ತಿನಲ್ಲಿ ಗೋಡೆಗಳಿಗೆ ಬೀಳುವ ಬಿಸಿಲು ಕಡಿಮೆ, ಎಲ್ಲವೂ ತಾರಸಿಯ ತಲೆಗೇ. ಐದಿಂಚಿನ ಸ್ಲ್ಯಾಬ್ ಆ ಶಾಖವನ್ನು ಕುಡಿದು, ಮೂರು ನಾಲ್ಕು ತಾಸು ತಡೆದು, ಸಂಜೆಯಿಂದ ಕೆಳಕ್ಕೆ ಬಿಡಲು ಶುರು ಮಾಡುತ್ತದೆ. ನೀವು ಊಟ ಮುಗಿಸಿ ಮಲಗುವ ಹೊತ್ತು ಅದು ಬಿಡುವ ಹೊತ್ತು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇರುತ್ತದೆ. ನಿಮ್ಮ ಕಡೆಯ ಮನೆಯೊಂದರಲ್ಲಿ ಏಪ್ರಿಲ್ ಸಂಜೆ ಸ್ಲ್ಯಾಬ್‌ನ ಕೆಳಮೈಗೆ ಹಿಡಿದಾಗ 40 ಡಿಗ್ರಿ ದಾಟಿತ್ತು. ಅದರ ಕೆಳಗೆ ಫ್ಯಾನ್ ಬಿಟ್ಟರೆ ಅದು ಆ ಬಿಸಿಯನ್ನೇ ಕೆಳಕ್ಕೆ ತಳ್ಳುತ್ತದೆ, ಇನ್ನೇನು ಮಾಡೀತು.

ಮಾಳಿಗೆ ಮನೆಯಲ್ಲಿ ಹೀಗಾಗುತ್ತಿರಲಿಲ್ಲ. ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣಿನ ಹಾಸು. ಒಣ ಮಣ್ಣಿನೊಳಗೆ ಗಾಳಿ ಇರುತ್ತದೆ, ಶಾಖ ನಿಧಾನಕ್ಕೆ ನಡೆಯುತ್ತದೆ. ಕಾವು ಕೆಳಗೆ ತಲುಪುವಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಬಂದಿರುತ್ತಿತ್ತು. ಗೋಡೆಯೂ ಕಲ್ಲಿನದು, ದಪ್ಪ. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಇಂಥ ಮನೆಗೆ ಯಾರೂ ಯು ವ್ಯಾಲ್ಯೂ ಹಾಕಿ ನೋಡಿರಲಿಲ್ಲ. ಹಾಗಂತ ಮಾಳಿಗೆಯನ್ನು ತಲೆ ಮೇಲೆ ಹೊತ್ತು ಕುಣಿಯುವವಳೂ ನಾನಲ್ಲ. ವರ್ಷ ವರ್ಷ ಮಣ್ಣು ಹಾಕುವುದು, ಮಳೆಗಾಲದ ಸೋರಿಕೆ, ಗೆದ್ದಲು ಎಲ್ಲವೂ ನಿಮಗೆ ನನಗಿಂತ ಚೆನ್ನಾಗಿ ನೆನಪಿದೆ.

ಈಗ ಮಾಡಬಹುದಾದ್ದು. ಕೈಯಲ್ಲಿ ದುಡ್ಡಿದ್ದರೆ ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ತಾರಸಿಯ ಮೇಲೆ ಎಕ್ಸ್‌ಪಿಎಸ್ ಬೋರ್ಡ್ ಹಾಕಿಸಿ. ಹಳೆಯ ಸ್ಲ್ಯಾಬ್ ಭಾರ ತಾಳುತ್ತದೆಯೇ ಎಂದು ಒಬ್ಬ ಎಂಜಿನಿಯರ್‌ಗೆ ಒಮ್ಮೆ ತೋರಿಸಿ. ಅಷ್ಟು ಸಾಧ್ಯವಿಲ್ಲದಿದ್ದರೆ ಬಿಳಿ ಬಣ್ಣ. ಸುಣ್ಣವಾದರೂ ಸರಿ, ಬಿಸಿಲನ್ನು ವಾಪಸ್ ಕಳಿಸುವ ಕೂಲ್ ರೂಫ್ ಪೇಂಟ್ ಆದರೆ ಇನ್ನೂ ಒಳ್ಳೆಯದು. ಇದು ಸ್ಲ್ಯಾಬ್‌ನ ಯು ವ್ಯಾಲ್ಯೂ ಬದಲಿಸುವುದಿಲ್ಲ, ಆದರೆ ಶಾಖ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ನಿಮ್ಮ ಊರಿನ ಧೂಳಿಗೆ ಬಿಳಿ ಬೇಗ ಕಂದಾಗುತ್ತದೆ. ಬೇಸಿಗೆಗೆ ಮೊದಲು ಒಮ್ಮೆ ತೊಳೆಸಬೇಕು, ಸುಣ್ಣವಾದರೆ ಪ್ರತಿವರ್ಷ ಹೊಡೆಸಬೇಕು.

ಇನ್ನೊಂದು ದಾರಿ, ನನಗೆ ಇಷ್ಟವಾದದ್ದು: ಸೋಲಾರ್ ಪ್ಯಾನೆಲ್. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಕರೆಂಟ್ ಬರುವುದು ಒಂದು ಕಡೆ, ಪ್ಯಾನೆಲ್ ಕೆಳಗಿನ ಸ್ಲ್ಯಾಬ್ ನೆರಳಲ್ಲಿ ಇರುವುದು ಇನ್ನೊಂದು ಕಡೆ. ಮಲಗುವ ಕೋಣೆಯ ಮೇಲೇ ಬರುವಂತೆ, ಕೆಳಗೆ ಗಾಳಿಯಾಡುವಷ್ಟು ಎತ್ತರಕ್ಕೆ ಇಡಿಸಿ. ಇಡುವವರು ತಮಗೆ ಸುಲಭವಾದ ಮೂಲೆ ತೋರಿಸುತ್ತಾರೆ. ಒಪ್ಪಬೇಡಿ.

ತಾರಸಿಗೆ ನೀರು ಚೆಲ್ಲುವುದು ತಾತ್ಕಾಲಿಕವಾಗಿ ಕೆಲಸ ಮಾಡುತ್ತದೆ. ಆದರೆ ಏಪ್ರಿಲ್‌ನಲ್ಲಿ ನಿಮ್ಮಲ್ಲಿ ನೀರು ಎಲ್ಲಿದೆ? ಕಾದ ಸ್ಲ್ಯಾಬ್‌ಗೆ ದಿನಾ ತಣ್ಣೀರು ಬಿದ್ದರೆ ಬಿರುಕಿಗೂ ದಾರಿ. ಅದರ ಬದಲು ಬೆಳಗ್ಗೆ ಎಂಟಕ್ಕೆಲ್ಲ ಕಿಟಕಿ ಮುಚ್ಚಿ, ಕತ್ತಲಾಗಿ ಹೊರಗಿನ ಗಾಳಿ ತಣ್ಣಗಾದ ಮೇಲೆ ಎಲ್ಲ ತೆರೆಯಿರಿ. ನಿಮ್ಮ ಒಣ ಹವೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಸಿಗೆ ಓಡುವ ಮೊದಲು ತಾರಸಿಯ ಕೆಲಸ ಮುಗಿಸಿ.

ಪ್ರಶ್ನೆ: ಮಂಗಳೂರಿನ ಹೊರವಲಯದಲ್ಲಿ 15 ಸೆಂಟ್ಸ್ ಜಾಗ ಇದೆ. ಅಪ್ಪನಿಗೆ ಕೆಂಪುಕಲ್ಲೇ ಆಗಬೇಕು. ನನಗೆ ಸಾಲಿಡ್ ಬ್ಲಾಕ್ ಸಾಕು ಎಂದು ಅನ್ನಿಸ್ತದೆ. ಕಾರ್ಪೆಟ್ ಏರಿಯಾ 1,200 ಚದರ ಅಡಿ, ಹನ್ನೆರಡು ಸ್ಲೈಡಿಂಗ್ ಕಿಟಕಿ ಇಟ್ಟಿದ್ದೇವೆ. ಇಷ್ಟು ಸಾಕಲ್ವಾ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ನಿಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಸಂಹಿತೆಯ ಗೆರೆ ಹನ್ನೆರಡೂವರೆ ಸೆಂಟ್ಸ್‌ನ ಹತ್ತಿರ ಬರುತ್ತದೆ. ನೀವು ಅದರ ಮೇಲಿದ್ದೀರಿ.

ಸಾಲಿಡ್ ಬ್ಲಾಕ್ ಬೆಂಗಳೂರಿನಲ್ಲಿ ಸಜ್ಜಾ ಹಿಡಿದುಕೊಂಡು ಪಾಸಾಯಿತು, ಮಂಗಳೂರಿನಲ್ಲಿ ಆಗುವುದಿಲ್ಲ. ನಿಮ್ಮದು ಸೆಕೆ ಮತ್ತು ತೇವದ ವಲಯ. ಅಲ್ಲಿ ಗೋಡೆಯನ್ನು 5.15ರಿಂದ ಗುಣಿಸುತ್ತಾರೆ. ಅದೇ 85–15ರ ಮನೆ, ಎಂಟಿಂಚಿನ ಸಾಲಿಡ್ ಬ್ಲಾಕ್, ಸಜ್ಜಾ ಎಲ್ಲ ಸೇರಿ 19 ದಾಟುತ್ತದೆ. ಬರೀ ಕಾಂಕ್ರೀಟ್ ಗೋಡೆಯಾದರೆ ಕಿಟಕಿಯನ್ನು ಸೇರಿಸುವ ಮೊದಲೇ 16. ಎಎಸಿ ಬ್ಲಾಕ್‌ಗೆ ಹೋದರೆ ಹತ್ತೂವರೆ. ಟೊಳ್ಳು ಮಣ್ಣಿನ ಬ್ಲಾಕ್‌ಗಳನ್ನೂ ನೋಡಬಹುದು. ಅಪ್ಪನ ಕೆಂಪುಕಲ್ಲಿಗೆ ಒಂದೇ ಅಂಕಿ ಹೇಳಿಬಿಡಲು ಬರುವುದಿಲ್ಲ, ಕೋರೆಯಿಂದ ಕೋರೆಗೆ ಕಲ್ಲು ಬದಲಾಗುತ್ತದೆ. ಅದರಲ್ಲೇ ಕಟ್ಟುವುದಾದರೆ ದಪ್ಪ ಗೋಡೆ, ಗೋಡೆಗೆ ಬಿಸಿಲು ಬೀಳದ ಹಾಗೆ ಸುತ್ತ ಅಗಲ ಸೂರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೆ ಆ ಸೂರು ಹೇಗೂ ಬೇಕು. ಎಎಸಿ ಹಾಕಿದರೆ ಇನ್ನೂ ಬೇಕು, ಯಾಕೆಂದರೆ ಅದು ನೀರು ಹೀರುವ ಬ್ಲಾಕ್. ಗಾರೆಯಲ್ಲಿ ಬಿರುಕು ಬಿಡದಂತೆ ನೋಡಿಕೊಳ್ಳಬೇಕು.

ಕಿಟಕಿಯ ವಿಷಯದಲ್ಲಿ ನೀವು ಎಡವಿದ್ದೀರಿ. ಮಂಗಳೂರಿನಂಥ ಕಡೆ ಗಾಳಿಯೇ ಮದ್ದು. ಅದಕ್ಕೇ ಸಂಹಿತೆ ಕಾರ್ಪೆಟ್ ಏರಿಯಾದ 16.66 ಭಾಗದಷ್ಟು ತೆರೆದುಕೊಳ್ಳುವ ಜಾಗ ಕೇಳುತ್ತದೆ. ಬೆಂಗಳೂರಿಗೆ 12.5 ಸಾಕು. ನಿಮ್ಮ 1,200ಕ್ಕೆ 200 ಚದರ ಅಡಿ ಆಯಿತು. ಎರಡು ಬಾಗಿಲ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ಅರ್ಧವೇ ತೆರೆಯುವುದು, ಲೆಕ್ಕಕ್ಕೂ ಅರ್ಧವೇ ಸಿಗುತ್ತದೆ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಹನ್ನೆರಡು ಕಿಟಕಿಗೆ 108 ಚದರ ಅಡಿ. ಬಾಲ್ಕನಿ ಬಾಗಿಲು ಸೇರಿಸಿದರೂ 127ರ ಹತ್ತಿರ. ಅದೇ ಕಿಟಕಿಗಳು ಹೊರಕ್ಕೆ ತೆರೆಯುವ ರೆಕ್ಕೆ ಬಾಗಿಲಿನವಾದರೆ 90 ಭಾಗ ಲೆಕ್ಕಕ್ಕೆ ಬರುತ್ತದೆ, 194 ಆಗುತ್ತದೆ. ಬಾಗಿಲು ಸೇರಿದರೆ 213. ಗೋಡೆಯಲ್ಲಿ ಒಂದು ರಂಧ್ರವೂ ಹೆಚ್ಚು ಕೊರೆಯದೆ ಪಾಸ್. ನಮ್ಮ ಹಳೆಯ ಮರದ ಕಿಟಕಿಗಳೆಲ್ಲ ಇಂಥವೇ ಆಗಿದ್ದವಲ್ಲ. ಯುಪಿವಿಸಿ ಅಂಗಡಿಯವರು ಸ್ಲೈಡಿಂಗ್ ಮಾರಲು ನೋಡುತ್ತಾರೆ, ಅವರಿಗೆ ಕೆಲಸ ಸುಲಭ.

ನಿಮ್ಮೂರಿನಲ್ಲಿ ಮಳೆಗೆಂದು ತಾರಸಿಯ ಮೇಲೆ ಶೀಟ್ ಮಾಡು ಹಾಕಿಸುತ್ತಾರಲ್ಲ, ಅದು ಬೇಸಿಗೆಗೂ ಒಳ್ಳೆಯದು. ಬದಿಗಳನ್ನು ಮಾತ್ರ ಮುಚ್ಚಿಬಿಡಬೇಡಿ. ಗಾಳಿ ಓಡಾಡಲಿ.

ಪ್ರಶ್ನೆ: ಅಮೆರಿಕದ ಆಸ್ಟಿನ್‌ನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಾಸನದಿಂದ ಬಂದ ಅಮ್ಮ ಇಲ್ಲಿಯ ಮರದ ಮನೆಗಳನ್ನು ನೋಡಿ ‘ಇದೇನು ಬೆಂಕಿಪೊಟ್ಟಣ’ ಎಂದು ನಕ್ಕರು. ಅವರ ಒತ್ತಾಯಕ್ಕೋ ಏನೋ, ಐಸಿಎಫ್ ಕಾಂಕ್ರೀಟ್ ಗೋಡೆ ಎಂದು ತೀರ್ಮಾನಿಸಿದ್ದೇವೆ. ಇಲ್ಲಿಯ ಎನರ್ಜಿ ಕೋಡ್‌ಗೆ ಸಾಕಾಗುತ್ತದೆಯೇ?
— ಸಾಫ್ಟ್‌ವೇರ್ ಎಂಜಿನಿಯರ್, ಟೆಕ್ಸಸ್

ಉತ್ತರ: ಗೋಡೆಗೆ ಧಾರಾಳವಾಗಿ ಸಾಕು. ಬೇರೆ ಓದುಗರಿಗಾಗಿ ಹೇಳುತ್ತೇನೆ, ಐಸಿಎಫ್ ಎಂದರೆ ಫೋಮ್‌ನ ಟೊಳ್ಳು ಬ್ಲಾಕ್‌ಗಳನ್ನು ಜೋಡಿಸಿ, ಮಧ್ಯೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯುವುದು. ಸೆಂಟ್ರಿಂಗ್ ಬಿಚ್ಚುವ ಕೆಲಸವೇ ಇಲ್ಲ, ಫೋಮ್ ಎರಡೂ ಕಡೆ ಅಲ್ಲೇ ಉಳಿಯುತ್ತದೆ. ಇಂಥ ಗೋಡೆಗೆ ಅಮೆರಿಕದ ಲೆಕ್ಕದಲ್ಲಿ ಆರ್-22 ಆಸುಪಾಸು ಸಿಗುತ್ತದೆ (ಆರ್ ಜಾಸ್ತಿಯಾದಷ್ಟೂ ಶಾಖ ದಾಟುವುದು ಕಡಿಮೆ). ನಮ್ಮ ಯು ವ್ಯಾಲ್ಯೂಗೆ ತಿರುಗಿಸಿದರೆ ಸುಮಾರು 0.26. ಬರೀ ಆರ್‌ಸಿಸಿ ಗೋಡೆ ಬಿಡುವ ಶಾಖದಲ್ಲಿ ಹದಿನಾಲ್ಕನೇ ಒಂದು ಪಾಲು. ನಿಮ್ಮ ಆಸ್ಟಿನ್ ಇರುವ ಎರಡನೇ ಹವಾಮಾನ ವಲಯದಲ್ಲಿ, 2021ರ ಐಇಸಿಸಿ ಎಂಬ ಇಂಧನ ಕೋಡ್ ಭಾರದ ಗೋಡೆಗಳಿಗೆ ಕೇಳುವುದು ಬರೀ ಆರ್-4, ಇನ್ಸುಲೇಷನ್ ಹೆಚ್ಚಾಗಿ ಒಳಗಡೆ ಇದ್ದರೆ ಆರ್-6.

ಆದ್ದರಿಂದ ಗೋಡೆ ಬಿಟ್ಟು ಬೇರೆ ಕಡೆ ನೋಡಿ. ಅದೇ ಕೋಡ್ ಸೂರಿಗೆ ಆರ್-49 ಕೇಳುತ್ತದೆ. ಕಿಟಕಿಯ ಗಾಜು ಬಿಸಿಲಿನ ಶಾಖದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಳಗೆ ಬಿಡಬಾರದು. ಮನೆ ಎಷ್ಟು ಗಾಳಿ ಸೋರುತ್ತದೆ ಎಂದು ಬಾಗಿಲಿಗೆ ಫ್ಯಾನ್ ಕಟ್ಟಿ ಪರೀಕ್ಷೆ ಮಾಡುತ್ತಾರೆ. 50 ಪ್ಯಾಸ್ಕಲ್ ಒತ್ತಡದಲ್ಲಿ, ಗಂಟೆಗೆ ಐದು ಸಲಕ್ಕಿಂತ ಹೆಚ್ಚು ಮನೆಯ ಗಾಳಿ ಬದಲಾಗಬಾರದು. ಐಸಿಎಫ್ ಗೋಡೆ ಅದರಲ್ಲಿ ಸುಲಭವಾಗಿ ಗೆಲ್ಲುತ್ತದೆ, ಸೋರುವುದು ಸೂರು ಮತ್ತು ಗೋಡೆ ಸೇರುವ ಜಾಗ. ಅಲ್ಲಿ ನೀವೇ ನಿಂತು ನೋಡಿ.

ಗಾಳಿಯಾಡದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಏನಾಗುತ್ತದೆ ಎಂದು ಅಮ್ಮನಿಗೆ ಹೇಳಬೇಕಾಗಿಲ್ಲ. ಹೊಗೆಯನ್ನು ಸೋಸಿ ಅಡುಗೆಮನೆಗೇ ವಾಪಸ್ ಬಿಡುವ ಹುಡ್ ತೆಗೆದುಕೊಳ್ಳಬೇಡಿ. ಕೊಳವೆ ಹೊರಕ್ಕೆ ಹೋಗಬೇಕು, ಹೋದಷ್ಟು ಗಾಳಿ ಒಳಬರಲು ವ್ಯವಸ್ಥೆಯೂ ಬೇಕು. ಕಾಂಕ್ರೀಟ್‌ನ ನೀರು ಆರುವವರೆಗೆ, ಮೊದಲ ವರ್ಷ, ಮನೆಯೊಳಗೆ ತೇವ ಜಾಸ್ತಿ ಇರುತ್ತದೆ. ಎಸಿಯನ್ನು ಚದರ ಅಡಿ ಲೆಕ್ಕದಲ್ಲಿ ಕೊಳ್ಳದೆ ಮ್ಯಾನ್ಯುಯಲ್ ಜೆ ಪ್ರಕಾರ, ಅಂದರೆ ನಿಮ್ಮ ಮನೆಗೆ ನಿಜವಾಗಿ ಎಷ್ಟು ತಂಪು ಬೇಕು ಎಂದು ನೋಡುವ ಅಲ್ಲಿಯ ವಿಧಾನದಲ್ಲಿ, ಲೆಕ್ಕ ಹಾಕಿಸಿ. ದೊಡ್ಡ ಎಸಿ ಇಂಥ ಮನೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ತೆಗೆಯುವುದಿಲ್ಲ.

ಅಮ್ಮನ ಬೆಂಕಿಪೊಟ್ಟಣದ ಬಗ್ಗೆ ಒಂದು ಮಾತು. ಸರಿಯಾಗಿ ಕಟ್ಟಿದ ಆ ಮರದ ಮನೆ, ಶಾಖದ ಲೆಕ್ಕದಲ್ಲಿ ನಮ್ಮ ಹಾಸನದ ಆರ್‌ಸಿಸಿ ಮನೆಗಿಂತ ಎಷ್ಟೋ ಮುಂದಿದೆ. ಅವರಿಗೆ ಹೇಳಲೇಬೇಕೆಂದಿಲ್ಲ.

ಪ್ರಶ್ನೆ: ಫಿಲ್ಲರ್ ಸ್ಲ್ಯಾಬ್ ಹಾಕಿ ಮಧ್ಯೆ ಮಂಗಳೂರು ಹೆಂಚು ಇಟ್ಟರೆ ತಾರಸಿಯ ನಿಯಮಕ್ಕೆ ಸಾಕೇ?
— ಶಿವಮೊಗ್ಗ

ಉತ್ತರ: ಸಾಕಾಗುವುದಿಲ್ಲ. ಕಾಂಕ್ರೀಟ್ ಉಳಿತಾಯವಾಗುತ್ತದೆ, ಭಾರ ಇಳಿಯುತ್ತದೆ, ಕೆಳಗಿಂದ ನೋಡಲು ಚೆಂದ. ಆದರೆ ಹೆಂಚುಗಳ ಮಧ್ಯದ ಕಾಂಕ್ರೀಟ್ ಪಟ್ಟಿಗಳಲ್ಲಿ ಶಾಖ ನೇರವಾಗಿ ಇಳಿಯುತ್ತದೆ. ಹಾಕುವುದಾದರೆ ಹಾಕಿ, ಮೇಲೆ ಇನ್ಸುಲೇಷನ್ ಬಿಡಬೇಡಿ.

ಪ್ರಶ್ನೆ: ಕಿಟಕಿಗೆ ಕಪ್ಪು ಗಾಜು ಹಾಕಿದರೆ ಸಂಹಿತೆಯ ಲೆಕ್ಕ ಸುಲಭವಾಗುತ್ತದೆ ಎನ್ನುತ್ತಾರೆ. ನಿಜವೇ?
— ಹುಬ್ಬಳ್ಳಿ

ಉತ್ತರ: ಒಂದು ಲೆಕ್ಕ ಸುಲಭವಾಗುತ್ತದೆ, ಇನ್ನೊಂದು ಕೈಕೊಡುತ್ತದೆ. ಹೊರಮೈಯಲ್ಲಿ ಕಿಟಕಿ 30 ಭಾಗದವರೆಗೆ ಇದ್ದರೆ, ಗಾಜು ಕನಿಷ್ಠ 27 ಭಾಗ ಬೆಳಕನ್ನು ಒಳಗೆ ಬಿಡಲೇಬೇಕು. ತೀರಾ ಕಪ್ಪು ಗಾಜು ಅಲ್ಲಿ ಸೋಲುತ್ತದೆ. ಹಗಲಲ್ಲೇ ಲೈಟ್ ಹಾಕಿಕೊಂಡು ಕೂರುವ ಮನೆಗೆ ಇಂಧನ ದಕ್ಷತೆ ಎಲ್ಲಿಂದ ಬರಬೇಕು? ಬೆಳಕು ಬಿಟ್ಟು ಶಾಖ ತಡೆಯುವ ಸೋಲಾರ್ ಕಂಟ್ರೋಲ್ ಗಾಜು ಕೇಳಿ. ಅಂಗಡಿಯವರಿಂದ ಬೆಳಕು, ಶಾಖ ಎರಡರ ಅಂಕಿಯನ್ನೂ ಬರೆಸಿಕೊಳ್ಳಿ. ದುಬಾರಿ ಎನಿಸಿದರೆ ಪಶ್ಚಿಮದ ಕಿಟಕಿಗಳಿಗೆ ಮಾತ್ರ ಹಾಕಿಸಿ.

ಪ್ಲಾನ್ ಕಳಿಸುವ ಓದುಗರಲ್ಲಿ ಒಂದು ವಿನಂತಿ. ಉತ್ತರ ದಿಕ್ಕಿನ ಬಾಣ, ಊರಿನ ಹೆಸರು, ಪ್ರತಿ ಕಿಟಕಿಯ ಅಳತೆ ಮತ್ತು ಅದು ಹೇಗೆ ತೆರೆಯುತ್ತದೆ ಎಂಬುದನ್ನು ಬರೆದು ಕಳಿಸಿ. ಪಿಲ್ಲರ್ ಎದ್ದ ಮೇಲೆ ಅಲ್ಲ, ಪಾಯ ತೆಗೆಯುವ ಮೊದಲು.